ಹೈಪರ್‌ಬಾರಿಕ್ ಆಕ್ಸಿಜನ್ ಚಿಕಿತ್ಸೆ: ಒಪ್ಪಿಗೆ ಕೊಡುವ ಮೊದಲು ರೋಗಿಗಳು ತಿಳಿದಿರಬೇಕಾದದ್ದು

ಪ್ರಶ್ನೆ: ನನ್ನ ತಂದೆಯವರಿಗೆ 64 ವರ್ಷ. ಬಹಳ ವರ್ಷಗಳಿಂದ ಮಧುಮೇಹವಿದೆ. ಬಲಗಾಲಿನ ಹೆಬ್ಬೆರಳಿನ ಬುಡದಲ್ಲಿ ಆದ ಹುಣ್ಣು ಎರಡು ತಿಂಗಳು ಕಳೆದರೂ ಮಾಯುತ್ತಿಲ್ಲ. ಸೋಂಕು ಮೂಳೆಗೂ ಇಳಿದಿದೆ ಎಂದು ಎಕ್ಸ್‌ರೇ ನೋಡಿದವರು ಹೇಳಿದ್ದಾರೆ. ಒಬ್ಬ ವೈದ್ಯರು ಹೈಪರ್‌ಬಾರಿಕ್ ಆಕ್ಸಿಜನ್ ಥೆರಪಿಯ 30 ಸಿಟ್ಟಿಂಗ್ ಮಾಡಿಸಿದರೆ ಕಾಲು ಉಳಿಯಬಹುದು ಎನ್ನುತ್ತಾರೆ. ಇನ್ನೊಬ್ಬರು ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ ಎನ್ನುತ್ತಾರೆ. ಇದೇ ಚಿಕಿತ್ಸೆಯಿಂದ ಆಟಿಸಂ ಇರುವ ನನ್ನ ತಂಗಿಯ ಮಗನಿಗೂ ಅನುಕೂಲವಾಗುತ್ತದೆ ಎಂದು ಒಂದು ಕೇಂದ್ರದವರು ಹೇಳಿದ್ದಾರೆ. ಇದು ಸುರಕ್ಷಿತವೇ? ನಾವು ಯಾರ ಮಾತನ್ನು ನಂಬಬೇಕು?

ಉತ್ತರ: ನಿಮ್ಮ ತಂದೆಯವರ ವಿಷಯದಲ್ಲಿ ಇಬ್ಬರು ವೈದ್ಯರ ಮಾತಿಗೂ ಆಧಾರವಿದೆ. ಈ ಚಿಕಿತ್ಸೆ ಅವರಿಗೆ ನೆರವಾಗುವ ಸಾಧ್ಯತೆ ಇದೆ, ಆದರೆ ಅದಕ್ಕಿಂತ ಮೊದಲು ಆಗಬೇಕಾದ ಕೆಲವು ಕೆಲಸಗಳು ಆಗಿದ್ದರೆ ಮಾತ್ರ. ನಿಮ್ಮ ತಂಗಿಯ ಮಗನ ವಿಷಯದಲ್ಲಿ ನನ್ನ ಉತ್ತರ ಸ್ಪಷ್ಟವಾಗಿ ‘ಬೇಡ’ ಎಂಬುದು. ಒಂದೇ ಚಿಕಿತ್ಸೆಯ ಬಗ್ಗೆ ಎರಡು ಉತ್ತರ ಏಕೆಂದು ಅರ್ಥವಾಗಬೇಕಾದರೆ, ಈ ಚಿಕಿತ್ಸೆ ಕೊಡುವ, ಒತ್ತಡ ಏರಿಸಿದ ಮುಚ್ಚಿದ ಕೋಣೆಯಾದ ಚೇಂಬರಿನೊಳಗೆ ದೇಹಕ್ಕೆ ನಿಜವಾಗಿ ಏನಾಗುತ್ತದೆ ಎಂಬುದರಿಂದ ಆರಂಭಿಸಬೇಕು.

ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕದ ಪಾಲು ಸುಮಾರು 21 ಶೇಕಡ. ಶ್ವಾಸಕೋಶಕ್ಕೆ ಬಂದ ಆಮ್ಲಜನಕದ ಬಹುಪಾಲನ್ನು ರಕ್ತದ ಹಿಮೋಗ್ಲೋಬಿನ್ ಹೊತ್ತೊಯ್ಯುತ್ತದೆ, ಮತ್ತು ಆರೋಗ್ಯವಂತರಲ್ಲಿ ಈ ಹಿಮೋಗ್ಲೋಬಿನ್ ಆಗಲೇ ಹೆಚ್ಚುಕಡಿಮೆ ಭರ್ತಿಯಾಗಿರುತ್ತದೆ. ಹಾಗಾಗಿ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟ ಮಾತ್ರಕ್ಕೆ ಅದು ಹೊರುವ ಪ್ರಮಾಣ ಅಷ್ಟೇನೂ ಹೆಚ್ಚುವುದಿಲ್ಲ. ಆದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲಿಯೂ ಸ್ವಲ್ಪ ಆಮ್ಲಜನಕ ನೇರವಾಗಿ ಕರಗಿರುತ್ತದೆ. ಸಾಮಾನ್ಯ ಗಾಳಿ ಉಸಿರಾಡುವಾಗ ಇದು 100 ಮಿಲಿಲೀಟರ್ ರಕ್ತಕ್ಕೆ ಕೇವಲ 0.3 ಮಿಲಿಲೀಟರ್. ಸುತ್ತಲಿನ ಒತ್ತಡವನ್ನು ಸಾಮಾನ್ಯ ವಾಯುಒತ್ತಡದ ಮೂರು ಪಟ್ಟಿಗೆ ಏರಿಸಿ ಶುದ್ಧ ಆಮ್ಲಜನಕ ಕೊಟ್ಟರೆ ಇದೇ ಪ್ರಮಾಣ ಸುಮಾರು 6 ಮಿಲಿಲೀಟರಿಗೆ ಏರುತ್ತದೆ. ವಿಶ್ರಾಂತಿಯಲ್ಲಿರುವ ದೇಹದ ಅಗತ್ಯವನ್ನು ಹೆಚ್ಚುಕಡಿಮೆ ಅಷ್ಟೇ ಪೂರೈಸಬಲ್ಲದು. ಆಮ್‌ಸ್ಟರ್‌ಡ್ಯಾಮಿನ ಶಸ್ತ್ರಚಿಕಿತ್ಸಕ ಇಟೆ ಬೂರೆಮಾ 1960ರ ಸುಮಾರಿಗೆ ಪ್ರಕಟಿಸಿದ ಪ್ರಯೋಗದಲ್ಲಿ, ಕೆಂಪು ರಕ್ತಕಣಗಳನ್ನು ಬಹುತೇಕ ತೆಗೆದುಹಾಕಿದ ಹಂದಿಗಳು ಚೇಂಬರಿನೊಳಗೆ ಬದುಕುಳಿದವು. ಇಂದಿನ ಚಿಕಿತ್ಸೆಯ ವೈಜ್ಞಾನಿಕ ತಳಹದಿ ಇರುವುದು ಈ ಭೌತಿಕ ಸತ್ಯದಲ್ಲಿ: ಒತ್ತಡ ಮತ್ತು ಶುದ್ಧ ಆಮ್ಲಜನಕ ಎರಡೂ ಒಟ್ಟಿಗೆ ಇರಬೇಕು.

ಹೀಗೆ ಕರಗಿದ ಆಮ್ಲಜನಕ ಊದಿಕೊಂಡ, ರಕ್ತ ಕಡಿಮೆ ಹರಿಯುವ ಅಂಗಾಂಶದೊಳಕ್ಕೆ ಮಾಮೂಲಿಗಿಂತ ದೂರ ಹಬ್ಬುತ್ತದೆ, ಬಿಳಿರಕ್ತಕಣಗಳು ಬ್ಯಾಕ್ಟೀರಿಯಾವನ್ನು ಕೊಲ್ಲಲು ನೆರವಾಗುತ್ತದೆ, ಮತ್ತು ಹಲವು ವಾರ ಪುನರಾವರ್ತಿಸಿದಾಗ ಹೊಸ ಸೂಕ್ಷ್ಮ ರಕ್ತನಾಳಗಳು ಮೂಡುವುದಕ್ಕೆ ಪ್ರಚೋದನೆ ಕೊಡುತ್ತದೆ. ಆದರೆ ಆ ಆಮ್ಲಜನಕವನ್ನು ಅಲ್ಲಿಗೆ ತಲುಪಿಸಬೇಕಾದದ್ದು ರಕ್ತವೇ. ಕಾಲಿನ ಮುಖ್ಯ ರಕ್ತನಾಳವೇ ಮುಚ್ಚಿಹೋಗಿದ್ದರೆ ಚೇಂಬರಿನ ಒತ್ತಡ ಎಷ್ಟೇ ಇದ್ದರೂ ಹುಣ್ಣಿಗೆ ಏನೂ ತಲುಪುವುದಿಲ್ಲ. ನಿಮ್ಮ ತಂದೆಯವರ ಬಗ್ಗೆ ಮುಂದೆ ಹೇಳುವುದೆಲ್ಲವೂ ಈ ಒಂದು ಮಾತಿನ ಮೇಲೆ ನಿಂತಿದೆ.

ಈ ಚಿಕಿತ್ಸೆಯ ಉಪಯೋಗ ಚೆನ್ನಾಗಿ ಸ್ಥಾಪಿತವಾಗಿರುವ ಕಾಯಿಲೆಗಳಿವೆ. ಆಳದಿಂದ ಬೇಗ ಮೇಲೇರಿದ ಮುಳುಗುಗಾರರಿಗೆ ಬರುವ ತೊಂದರೆ ಮತ್ತು ರಕ್ತನಾಳದೊಳಗೆ ಗಾಳಿಗುಳ್ಳೆ ಸೇರುವ ಅಪಘಾತಗಳಲ್ಲಿ ಇದೇ ಮುಖ್ಯ ಚಿಕಿತ್ಸೆ, ಏಕೆಂದರೆ ಇಲ್ಲಿ ಒತ್ತಡವೇ ಗುಳ್ಳೆಯನ್ನು ಕುಗ್ಗಿಸುತ್ತದೆ. ಗ್ಯಾಸ್ ಗ್ಯಾಂಗ್ರೀನಿನಂತಹ ಸೋಂಕುಗಳಲ್ಲಿ ಶಸ್ತ್ರಚಿಕಿತ್ಸೆ ಮತ್ತು ಆ್ಯಂಟಿಬಯೋಟಿಕ್‌ಗಳ ಜೊತೆಗೆ ಇದನ್ನು ಕೊಡುತ್ತಾರೆ. ಕಾರ್ಬನ್ ಮೊನಾಕ್ಸೈಡ್ ವಿಷಬಾಧೆಯಲ್ಲಿ, ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ವಿಷದ ಅರ್ಧಭಾಗ ಹೊರಹೋಗಲು ಸಾಮಾನ್ಯ ಗಾಳಿಯಲ್ಲಿ ನಾಲ್ಕೈದು ಗಂಟೆ, ಮಾಸ್ಕಿನ ಶುದ್ಧ ಆಮ್ಲಜನಕದಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು, ಮೂರು ಪಟ್ಟು ಒತ್ತಡದ ಚೇಂಬರಿನಲ್ಲಿ ಸುಮಾರು 20ರಿಂದ 25 ನಿಮಿಷ ಬೇಕು. ಅಮೆರಿಕದ ಯೂಟಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ 24 ಗಂಟೆಯಲ್ಲಿ ಮೂರು ಬಾರಿ ಚೇಂಬರ್ ಚಿಕಿತ್ಸೆ ಪಡೆದವರ ಪೈಕಿ ಆರು ವಾರಗಳ ನಂತರ ಮರೆವು, ಏಕಾಗ್ರತೆಯ ಕೊರತೆಯಂತಹ ತೊಂದರೆ ಉಳಿದದ್ದು 25 ಶೇಕಡ ಮಂದಿಗೆ; ಸಾಮಾನ್ಯ ಒತ್ತಡದಲ್ಲಿ ಆಮ್ಲಜನಕ ಪಡೆದವರಲ್ಲಿ 46 ಶೇಕಡ. ಇದಕ್ಕೆ ಮೂರು ವರ್ಷ ಮೊದಲು ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ ಇಂಥ ಪ್ರಯೋಜನವನ್ನು ಕಾಣಲಿಲ್ಲ. ಅಂದರೆ ಒಪ್ಪಿತ ಕಾಯಿಲೆಗಳಲ್ಲಿಯೂ ತಜ್ಞರ ನಡುವೆ ಚರ್ಚೆ ಮುಗಿದಿಲ್ಲ. ರೇಡಿಯೇಶನ್ ಚಿಕಿತ್ಸೆಯ ಬಳಿಕ ವರ್ಷಗಳು ಕಳೆದ ಮೇಲೆ ದವಡೆಯ ಮೂಳೆಗೆ ಅಥವಾ ಮೂತ್ರಕೋಶಕ್ಕೆ ಆಗುವ ಹಾನಿ, ಹಠಾತ್ತನೆ ಒಂದು ಕಿವಿ ಕೇಳಿಸದಂತಾಗುವುದು, ಇವೂ ಒಪ್ಪಿತ ಪಟ್ಟಿಯಲ್ಲಿವೆ. ಕಿವಿಯ ವಿಷಯದಲ್ಲಿ ಸಮಯವೇ ಮುಖ್ಯ: ಸ್ಟೀರಾಯ್ಡ್ ಜೊತೆಗೆ ಎರಡು ವಾರದೊಳಗೆ ಆರಂಭಿಸಿದರೆ ಮಾತ್ರ ನಿರೀಕ್ಷೆಗೆ ಅರ್ಥವಿದೆ. ತಿಂಗಳುಗಳ ನಂತರ ಬರುವವರಿಗೆ ನಾನು ಸಲಹೆ ಮಾಡುವುದಿಲ್ಲ.

ಈಗ ಮಧುಮೇಹದ ಪಾದದ ಹುಣ್ಣಿಗೆ ಬರೋಣ. ಸ್ವೀಡನ್ನಿನಲ್ಲಿ 94 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿನವರು ಚೇಂಬರಿನಲ್ಲಿ ಆಮ್ಲಜನಕವನ್ನೂ ಇನ್ನೊಂದು ಗುಂಪಿನವರು ಅದೇ ಒತ್ತಡದಲ್ಲಿ ಸಾಮಾನ್ಯ ಗಾಳಿಯನ್ನೂ ಉಸಿರಾಡಿದರು. ಯಾರಿಗೆ ಯಾವುದು ಎಂದು ರೋಗಿಗೂ ವೈದ್ಯರಿಗೂ ಗೊತ್ತಿರಲಿಲ್ಲ. ಒಂದು ವರ್ಷದ ಕೊನೆಗೆ ಹುಣ್ಣು ಪೂರ್ತಿ ಮಾಯ್ದದ್ದು ಮೊದಲ ಗುಂಪಿನ 52 ಶೇಕಡ ಮಂದಿಗೆ, ಎರಡನೆಯದರಲ್ಲಿ 29 ಶೇಕಡ ಮಂದಿಗೆ. ನಿಮ್ಮ ಮೊದಲ ವೈದ್ಯರ ನಂಬಿಕೆಗೆ ಇಂತಹ ಫಲಿತಾಂಶವೇ ಆಧಾರ. ಆದರೆ 2016ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ 30 ಸಿಟ್ಟಿಂಗ್ ಪಡೆದವರಿಗೂ ಹುಸಿ ಚಿಕಿತ್ಸೆ ಪಡೆದವರಿಗೂ, ಕಾಲು ಕತ್ತರಿಸಬೇಕಾದ ಸ್ಥಿತಿ ಬರುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ, ಕಾಲಿನ ರಕ್ತಸಂಚಾರವೂ ಕುಗ್ಗಿದ್ದ 120 ರೋಗಿಗಳ ಮೇಲೆ ನಡೆದ, 2018ರ ಅಧ್ಯಯನವೂ ಖಚಿತ ಲಾಭವನ್ನು ತೋರಿಸಲಿಲ್ಲ. ಆ ಕೊನೆಯ ಅಧ್ಯಯನದಲ್ಲಿ ಚೇಂಬರ್ ಚಿಕಿತ್ಸೆಗೆ ಆಯ್ಕೆಯಾದವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಅದನ್ನು ಪೂರ್ತಿ ಮಾಡಲಾಗಲಿಲ್ಲ. ಈ ಸಂಗತಿಯನ್ನು ಕುಟುಂಬದವರು ಗಮನಿಸಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ವಾರಕ್ಕೆ ಐದು ದಿನ, ಆರು ವಾರ, ಹುಣ್ಣಿರುವ ಕಾಲಿನೊಂದಿಗೆ ಹೋಗಿ ಬರುವುದು ವಯಸ್ಸಾದವರಿಗೆ ಸಣ್ಣ ಹೊರೆಯಲ್ಲ.

ಇವೆಲ್ಲವನ್ನೂ ಒಟ್ಟಿಗೆ ನೋಡಿದಾಗ ನನಗೆ ಸರಿಯೆನಿಸುವುದು ಇಷ್ಟು: ಮೇಲುಮೇಲಿನ ಹುಣ್ಣಿಗೆ ಈ ಚಿಕಿತ್ಸೆ ಬೇಕಿಲ್ಲ. ಸ್ನಾಯುರಜ್ಜು, ಕೀಲು ಅಥವಾ ಮೂಳೆಯವರೆಗೆ ಇಳಿದ ಹುಣ್ಣು, ಉತ್ತಮ ಆರೈಕೆಯನ್ನು ಕನಿಷ್ಠ 30 ದಿನ ಸರಿಯಾಗಿ ಕೊಟ್ಟ ಮೇಲೂ ಸುಧಾರಿಸದಿದ್ದಾಗ, ಆ ಆರೈಕೆಯ ಜೊತೆಗೆ ಇದನ್ನು ಸೇರಿಸುವುದು ಸಮರ್ಥನೀಯ. ನಿಮ್ಮ ತಂದೆಯವರ ಹುಣ್ಣು ಆಳದ ದೃಷ್ಟಿಯಿಂದ ಈ ವರ್ಗಕ್ಕೆ ಸೇರುತ್ತದೆ. ಉಳಿದಿರುವ ಪ್ರಶ್ನೆ, ಕಳೆದ ಎರಡು ತಿಂಗಳಲ್ಲಿ ಸಿಕ್ಕಿದ್ದು ನಿಜವಾಗಿಯೂ ಉತ್ತಮ ಆರೈಕೆಯೇ ಎಂಬುದು.

ಅದನ್ನು ನೀವೇ ಪರಿಶೀಲಿಸಬಹುದು. ಕಾಲಿನ ರಕ್ತಸಂಚಾರವನ್ನು ಡಾಪ್ಲರ್ ಸ್ಕ್ಯಾನ್‌ನಿಂದ ಅಥವಾ ಕಣಕಾಲು ಮತ್ತು ತೋಳಿನ ರಕ್ತದೊತ್ತಡ ಹೋಲಿಸಿ ಅಳೆದಿದ್ದಾರೆಯೇ? ಮಧುಮೇಹಿಗಳಲ್ಲಿ ರಕ್ತನಾಳದ ಗೋಡೆ ಗಟ್ಟಿಯಾಗಿ ಕಣಕಾಲಿನ ಅಳತೆ ಸುಳ್ಳಾಗಿ ಚೆನ್ನಾಗಿ ಕಾಣುವುದುಂಟು, ಆದ್ದರಿಂದ ಕಾಲ್ಬೆರಳಿನ ರಕ್ತದೊತ್ತಡವನ್ನೂ ನೋಡಬೇಕು. ಅಡಚಣೆ ಇದ್ದರೆ ರಕ್ತನಾಳದ ತಜ್ಞರು ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್ ಸಾಧ್ಯವೇ ಎಂದು ತೀರ್ಮಾನಿಸುವುದು ಚೇಂಬರಿಗಿಂತ ಮೊದಲಿನ ಹೆಜ್ಜೆ. ಸತ್ತ ಚರ್ಮ, ಕೊಳೆತ ಅಂಗಾಂಶ ಮತ್ತು ಅಗತ್ಯವಿದ್ದರೆ ಸೋಂಕಿನ ಮೂಳೆಯನ್ನು ಕತ್ತರಿಸಿ ಸ್ವಚ್ಛಗೊಳಿಸಿರಬೇಕು. ಯಾವ ಬ್ಯಾಕ್ಟೀರಿಯಾ ಎಂದು ಗುರುತಿಸುವ ಕಲ್ಚರ್ ಪರೀಕ್ಷೆ ನೋಡಿ ಆರಿಸಿದ ಆ್ಯಂಟಿಬಯೋಟಿಕ್ ನಡೆಯುತ್ತಿರಬೇಕು. ಇವೆಲ್ಲ ನಡೆದಿದ್ದರೂ ಹೆಚ್ಚಾಗಿ ಮರೆತುಹೋಗುವುದು ಪಾದದ ಮೇಲಿನ ಭಾರ. ಹೆಬ್ಬೆರಳಿನ ಬುಡ ನಡೆಯುವಾಗ ದೇಹದ ಭಾರ ಬೀಳುವ ಜಾಗ. ನೋವಿನ ಅರಿವು ಹೋಗಿರುವ ಕಾಲಿನಲ್ಲಿ ತಂದೆಯವರು ಮಾಮೂಲಿ ಚಪ್ಪಲಿ ಹಾಕಿ ಮನೆಯೊಳಗೆ ಓಡಾಡುತ್ತಿದ್ದರೆ, ಪ್ರತಿ ಹೆಜ್ಜೆಗೂ ಹುಣ್ಣು ಮತ್ತೆ ಜಜ್ಜುತ್ತದೆ. ಮೊಣಕಾಲಿನವರೆಗಿನ ವಿಶೇಷ ಪ್ಲಾಸ್ಟರ್ ಅಥವಾ ಬೂಟಿನಿಂದ ಆ ಭಾರವನ್ನು ತಪ್ಪಿಸದೆ 30 ಸಿಟ್ಟಿಂಗ್ ಮಾಡಿಸುವುದು ತೂತಾದ ಕೊಡಕ್ಕೆ ನೀರು ತುಂಬಿಸಿದಂತೆ. ಸಕ್ಕರೆಯ ಹತೋಟಿ ಮತ್ತು ಧೂಮಪಾನ ಬಿಡುವುದು ಎಲ್ಲರೂ ಹೇಳುವ ಮಾತುಗಳು. ಅವು ಇಲ್ಲಿಯೂ ಅಷ್ಟೇ ನಿಜ.

ಚಿಕಿತ್ಸೆಯಿಂದ ಲಾಭವಾಗುವ ಸಾಧ್ಯತೆಯನ್ನು ಮೊದಲೇ ಅಂದಾಜಿಸಲು ಒಂದು ಪರೀಕ್ಷೆಯೂ ಇದೆ. ಹುಣ್ಣಿನ ಪಕ್ಕದ ಚರ್ಮದ ಮೇಲೆ ಸಂವೇದಕ ಅಂಟಿಸಿ ಅಲ್ಲಿಯ ಆಮ್ಲಜನಕದ ಒತ್ತಡ ಅಳೆಯುತ್ತಾರೆ. ಚೇಂಬರಿನೊಳಗೆ ಆಮ್ಲಜನಕ ಉಸಿರಾಡುವಾಗ ಅದು 200 ಮಿಲಿಮೀಟರ್ ಪಾದರಸಕ್ಕಿಂತ ಮೇಲೇರಿದರೆ ಚಿಕಿತ್ಸೆ ಫಲಿಸುವ ನಿರೀಕ್ಷೆ ಹೆಚ್ಚು. ಒಳಗೂ ಅಂಕಿ ತೀರ ಕೆಳಗೇ ಉಳಿದರೆ, ಆಮ್ಲಜನಕ ಪಾದಕ್ಕೆ ತಲುಪುತ್ತಿಲ್ಲ ಎಂದರ್ಥ. ನಿಮಗೆ ಸಲಹೆ ಕೊಟ್ಟ ಕೇಂದ್ರದಲ್ಲಿ ಈ ಅಳತೆ ಮಾಡುತ್ತಾರೆಯೇ ಎಂದು ಕೇಳಿ. ಅವರ ಉತ್ತರದಿಂದ ಆ ಕೇಂದ್ರದ ಬಗ್ಗೆಯೂ ನಿಮಗೆ ಸಾಕಷ್ಟು ತಿಳಿಯುತ್ತದೆ.

ಒಂದು ಸಿಟ್ಟಿಂಗ್ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗಂಟೆ. ಹುಣ್ಣುಗಳಿಗೆ ಬಳಸುವ ಒತ್ತಡ ಸಾಮಾನ್ಯ ವಾಯುಒತ್ತಡದ ಎರಡರಿಂದ ಎರಡೂವರೆ ಪಟ್ಟು, ಅಂದರೆ ಸಮುದ್ರದಲ್ಲಿ 10ರಿಂದ 15 ಮೀಟರ್ ಆಳದಲ್ಲಿ ಇರುವಷ್ಟು. ಚೇಂಬರುಗಳಲ್ಲಿ ಎರಡು ಬಗೆ. ಒಬ್ಬರೇ ಮಲಗುವ ಪಾರದರ್ಶಕ ಕೊಳವೆಯಂತಹ ಚೇಂಬರನ್ನು ಬಹುಮಟ್ಟಿಗೆ ಆಮ್ಲಜನಕದಿಂದಲೇ ತುಂಬಿಸುತ್ತಾರೆ. ಹಲವರು ಕೂರುವ ದೊಡ್ಡ ಚೇಂಬರಿನಲ್ಲಿ ಸುತ್ತಲೂ ಒತ್ತಡದ ಗಾಳಿ ಇರುತ್ತದೆ, ಆಮ್ಲಜನಕ ಮಾಸ್ಕ್ ಅಥವಾ ತಲೆಗವಸಿನ ಮೂಲಕ ಬರುತ್ತದೆ, ಮತ್ತು ತರಬೇತಿ ಪಡೆದ ಸಿಬ್ಬಂದಿ ಒಳಗೇ ಜೊತೆಗಿರುತ್ತಾರೆ. ಆರಂಭದ ಹತ್ತು ಹದಿನೈದು ನಿಮಿಷ ಒತ್ತಡ ಏರುವಾಗ ಗಾಳಿ ಬಿಸಿಯೆನಿಸುತ್ತದೆ, ಕಿವಿ ಕಟ್ಟುತ್ತದೆ. ಆಗ ಮೂಗು ಹಿಡಿದು ಮೃದುವಾಗಿ ಊದುವುದು, ಎಂಜಲು ನುಂಗುವುದು, ಆಕಳಿಸುವುದನ್ನು ಸಿಬ್ಬಂದಿ ಮೊದಲೇ ಕಲಿಸುತ್ತಾರೆ. ನೋವು ಬಂದ ಕೂಡಲೇ ಹೇಳಬೇಕು. ಸಹಿಸಿಕೊಂಡು ಸುಮ್ಮನಿರುವುದು ಇಲ್ಲಿ ಒಳ್ಳೆಯ ಗುಣವಲ್ಲ. ಒತ್ತಡ ಏರಿಸುವುದನ್ನು ಅಲ್ಲಿಗೇ ನಿಲ್ಲಿಸಿ ಸ್ವಲ್ಪ ಇಳಿಸಿದರೆ ಬಹುಪಾಲು ಸರಿಹೋಗುತ್ತದೆ.

ಅಡ್ಡಪರಿಣಾಮಗಳಲ್ಲಿ ಅತಿ ಸಾಮಾನ್ಯವಾದದ್ದು ಮಧ್ಯಕಿವಿಗೆ ಆಗುವ ಈ ಒತ್ತಡದ ಪೆಟ್ಟು. ಕೆಲವರಿಗೆ ಕಿವಿ ತಮಟೆಯಲ್ಲಿ ಸಣ್ಣ ನಳಿಕೆ ಹಾಕಬೇಕಾಗುತ್ತದೆ. ನೆಗಡಿ ಇದ್ದ ದಿನ ಸಿಟ್ಟಿಂಗ್ ಮುಂದೂಡುವುದೇ ಲೇಸು. ಹಲವು ವಾರಗಳ ಚಿಕಿತ್ಸೆಯಲ್ಲಿ ದೂರದೃಷ್ಟಿ ಮಂಜಾಗುವುದು ಸಾಮಾನ್ಯ, ಅದು ಮುಗಿದ ಮೇಲೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಹಿಂದಿನ ಸ್ಥಿತಿಗೆ ಬರುತ್ತದೆ. ಅವಸರಪಟ್ಟು ಹೊಸ ಕನ್ನಡಕ ಮಾಡಿಸಬೇಡಿ. ಈಗಾಗಲೇ ಇರುವ ಕಣ್ಣಿನ ಪೊರೆ ಬೇಗ ಬಲಿಯಬಹುದು. ಅಪರೂಪವಾದರೂ ಎಲ್ಲರನ್ನೂ ಹೆದರಿಸುವುದು ಆಮ್ಲಜನಕದ ವಿಷಪರಿಣಾಮದಿಂದ ಬರುವ ಫಿಟ್ಸ್. ಇದು ಸಾವಿರಾರು ಸಿಟ್ಟಿಂಗುಗಳಲ್ಲಿ ಒಮ್ಮೆ ಕಾಣುವಂಥದ್ದು, ಆಮ್ಲಜನಕ ನಿಲ್ಲಿಸಿದರೆ ನಿಲ್ಲುತ್ತದೆ, ಸಾಮಾನ್ಯವಾಗಿ ಶಾಶ್ವತ ಹಾನಿ ಉಳಿಸುವುದಿಲ್ಲ. ಇದನ್ನು ತಡೆಯಲೆಂದೇ ಮಧ್ಯೆ ಮಧ್ಯೆ ಐದು ಹತ್ತು ನಿಮಿಷ ಸಾಮಾನ್ಯ ಗಾಳಿ ಕೊಡುವ ಪದ್ಧತಿ ಇದೆ.

ನಿಮ್ಮ ತಂದೆಯವರಿಗೆ ವಿಶೇಷವಾಗಿ ಅನ್ವಯಿಸುವುದು ಸಕ್ಕರೆಯ ಇಳಿತ. ಚೇಂಬರಿನೊಳಗೆ ರಕ್ತದ ಸಕ್ಕರೆ ಅನಿರೀಕ್ಷಿತವಾಗಿ ತಗ್ಗಬಹುದು, ಅದರಿಂದಲೂ ಫಿಟ್ಸ್ ಬರಬಹುದು, ಮತ್ತು ಒಬ್ಬರೇ ಮಲಗುವ ಚೇಂಬರಿನ ಬಾಗಿಲನ್ನು ಒತ್ತಡ ಇಳಿಸದೆ ತೆರೆಯಲಾಗುವುದಿಲ್ಲ. ಆದ್ದರಿಂದ ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ಪ್ರತಿ ಸಿಟ್ಟಿಂಗಿನ ಮೊದಲು ಮತ್ತು ನಂತರ ಸಕ್ಕರೆ ಪರೀಕ್ಷಿಸಬೇಕು, ಇನ್ಸುಲಿನ್ ಪ್ರಮಾಣವನ್ನು ಮಧುಮೇಹದ ವೈದ್ಯರೊಡನೆ ಮಾತಾಡಿ ಹೊಂದಿಸಬೇಕು. ಹೃದಯದ ಪಂಪಿಂಗ್ ಶಕ್ತಿ ಕುಗ್ಗಿರುವವರಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವ ಅಪಾಯವಿರುವುದರಿಂದ ಆರಂಭಕ್ಕೆ ಮೊದಲು ಹೃದಯದ ಎಕೋ ಸ್ಕ್ಯಾನ್ ಮಾಡಿಸುವಂತೆ ಕೇಳುವುದು ನಿಮ್ಮ ಹಕ್ಕು.

ಈ ಚಿಕಿತ್ಸೆಯನ್ನು ಯಾವ ಕಾರಣಕ್ಕೂ ಕೊಡಬಾರದ ಸ್ಥಿತಿ ಒಂದಿದೆ: ಎದೆಗೂಡಿನೊಳಗೆ ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡಿದ್ದು ಅದಕ್ಕೆ ಚಿಕಿತ್ಸೆಯಾಗದೆ ಇರುವುದು. ಒತ್ತಡ ಇಳಿಸುವಾಗ ಆ ಗಾಳಿ ಹಿಗ್ಗಿ ಪ್ರಾಣಕ್ಕೇ ಎರವಾಗಬಲ್ಲದು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಶ್ವಾಸಕೋಶದಲ್ಲಿ ಗಾಳಿಗುಳ್ಳೆಗಳು, ಹತೋಟಿಯಲ್ಲಿಲ್ಲದ ಅಪಸ್ಮಾರ, ಹೆಚ್ಚಿನ ಜ್ವರ, ಇತ್ತೀಚಿನ ಕಿವಿ ಅಥವಾ ಎದೆಯ ಶಸ್ತ್ರಚಿಕಿತ್ಸೆ ಇದ್ದರೆ ಎಚ್ಚರ ಬೇಕು. ಬ್ಲಿಯೋಮೈಸಿನ್, ಡಾಕ್ಸೋರುಬಿಸಿನ್, ಸಿಸ್‌ಪ್ಲಾಟಿನ್‌ನಂತಹ ಕ್ಯಾನ್ಸರ್ ಔಷಧಗಳನ್ನು, ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅನ್ನು ತೆಗೆದುಕೊಂಡಿದ್ದರೆ ಮುಚ್ಚಿಡದೆ ಹೇಳಬೇಕು. ಪೇಸ್‌ಮೇಕರ್ ಅಥವಾ ಇನ್ಸುಲಿನ್ ಪಂಪ್ ಇದ್ದರೆ ಅದು ಎಷ್ಟು ಒತ್ತಡ ತಾಳುತ್ತದೆ ಎಂದು ತಯಾರಕರ ಮಾಹಿತಿಯಲ್ಲಿ ನೋಡಿಯೇ ಮುಂದುವರಿಯಬೇಕು.

ಬೆಂಕಿಯ ಬಗ್ಗೆ ನಾನು ಮೃದುವಾಗಿ ಮಾತಾಡಲಾರೆ. ಆಮ್ಲಜನಕ ತುಂಬಿದ ಒತ್ತಡದ ಕೋಣೆಯಲ್ಲಿ ಒಂದು ಕಿಡಿ ಕ್ಷಣಮಾತ್ರದಲ್ಲಿ ಎಲ್ಲವನ್ನೂ ಸುಡುತ್ತದೆ, ಓಡಿ ಹೊರಬರಲು ದಾರಿ ಇರುವುದಿಲ್ಲ. 1997ರ ಅಕ್ಟೋಬರ್ 31ರಂದು ಇಟಲಿಯ ಮಿಲಾನಿನ ಆಸ್ಪತ್ರೆಯೊಂದರ ಚೇಂಬರಿನಲ್ಲಿ 11 ಮಂದಿ ಸತ್ತರು. ಅದಕ್ಕೆ ಕಾರಣವೆಂದು ಗುರುತಿಸಿದ್ದು ರೋಗಿಯೊಬ್ಬರು ಒಳಗೆ ಒಯ್ದಿದ್ದ, ಕೈ ಬೆಚ್ಚಗಿಡುವ ಸಣ್ಣ ಸಾಧನ. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಟ್ರಾಯ್ ಪಟ್ಟಣದ ಖಾಸಗಿ ಕೇಂದ್ರವೊಂದರಲ್ಲಿ ಐದು ವರ್ಷದ ಬಾಲಕ ಚೇಂಬರಿನೊಳಗೆ ಬೆಂಕಿಗೆ ಬಲಿಯಾದ. ಆದ್ದರಿಂದ ಒಳಗೆ ಹೋಗುವಾಗ ಕೇಂದ್ರದವರು ಕೊಡುವ ಶುದ್ಧ ಹತ್ತಿಯ ಬಟ್ಟೆ ಮಾತ್ರ ಇರಬೇಕು. ಮೊಬೈಲ್, ಕೈಗಡಿಯಾರ, ಶ್ರವಣಯಂತ್ರ, ಬೆಂಕಿಪೊಟ್ಟಣ, ತಲೆಗೆ ಎಣ್ಣೆ, ಸುಗಂಧದ್ರವ್ಯ, ಲೋಷನ್, ಉಗುರುಬಣ್ಣ, ಜಿಡ್ಡಿನ ಡ್ರೆಸ್ಸಿಂಗ್ ಯಾವುದೂ ಇರಬಾರದು. ಒಬ್ಬರೇ ಮಲಗುವ ಚೇಂಬರಿನಲ್ಲಿ ಸ್ಥಿರವಿದ್ಯುತ್ತು ಹರಿದುಹೋಗಲು ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿ ಕಟ್ಟಬೇಕು. ಪ್ರತಿ ಬಾರಿಯೂ ತಪಾಸಣೆ ಮಾಡದ ಕೇಂದ್ರವನ್ನು, ವೈದ್ಯರು ಕಟ್ಟಡದಲ್ಲಿಯೇ ಇಲ್ಲದ ಕೇಂದ್ರವನ್ನು ಬಿಟ್ಟುಬಿಡಿ. ಸಿಬ್ಬಂದಿಯ ತರಬೇತಿ, ಚೇಂಬರಿನ ನಿರ್ವಹಣೆಯ ದಾಖಲೆ, ತುರ್ತಿನಲ್ಲಿ ಒತ್ತಡ ಇಳಿಸಲು ಬೇಕಾಗುವ ಸಮಯ, ಇವನ್ನು ಕೇಳಿದರೆ ಬೇಸರಪಡುವವರ ಕೈಗೆ ತಂದೆಯವರನ್ನು ಒಪ್ಪಿಸುವ ಅಗತ್ಯವಿಲ್ಲ.

ಇನ್ನು ನಿಮ್ಮ ತಂಗಿಯ ಮಗ. ಆಟಿಸಂಗೆ ಈ ಚಿಕಿತ್ಸೆಯಿಂದ ಮಾತು, ವರ್ತನೆ ಅಥವಾ ಬೆರೆಯುವ ಶಕ್ತಿ ಸುಧಾರಿಸುತ್ತದೆ ಎಂಬುದಕ್ಕೆ ನಂಬಬಹುದಾದ ಪುರಾವೆ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಅನುಮತಿ ಕೊಟ್ಟಿಲ್ಲ, ಅಷ್ಟೇ ಅಲ್ಲದೆ ಪೋಷಕರನ್ನು ಎಚ್ಚರಿಸಿದೆ. ಕೆಲವು ತಂದೆತಾಯಿ ‘ನಮ್ಮ ಮಗುವಿಗೆ ಗುಣ ಕಂಡಿತು’ ಎನ್ನುವುದು ಸುಳ್ಳಲ್ಲ, ಆದರೆ ಅದರ ಕಾರಣ ಬೇರೆ ಇರಬಹುದು. 2001ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನದಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಚಲನೆಗೆ ಆಗುವ ತೊಂದರೆ) ಇರುವ 111 ಮಕ್ಕಳಲ್ಲಿ ಒಂದು ಗುಂಪಿಗೆ ಒತ್ತಡದ ಆಮ್ಲಜನಕವನ್ನೂ ಇನ್ನೊಂದಕ್ಕೆ ಅಲ್ಪ ಒತ್ತಡದ ಸಾಮಾನ್ಯ ಗಾಳಿಯನ್ನೂ ಕೊಟ್ಟಾಗ ಎರಡೂ ಗುಂಪುಗಳು ಸಮನಾಗಿ ಸುಧಾರಿಸಿದವು. ಬೆಳೆಯುವ ವಯಸ್ಸು, ದಿನವೂ ಪೋಷಕರೊಡನೆ ಕಳೆದ ಸಮಯ, ಸುತ್ತಲಿನವರ ಗಮನ, ಇವು ಮಕ್ಕಳ ಮೇಲೆ ಮಾಡುವ ಪರಿಣಾಮ ಸಣ್ಣದಲ್ಲ. ಹೋಲಿಕೆಯ ಗುಂಪಿಲ್ಲದೆ ಅದನ್ನು ಚೇಂಬರಿನ ಖಾತೆಗೆ ಬರೆಯುವುದು ತಪ್ಪು. ಮಾತು ಮತ್ತು ವರ್ತನೆಯ ತರಬೇತಿಗೆ ಹೋಗಬೇಕಾದ ಸಮಯ ಮತ್ತು ಹಣವನ್ನು ಇದು ಕಿತ್ತುಕೊಳ್ಳುತ್ತದೆ ಎಂಬುದೇ ನನ್ನ ದೊಡ್ಡ ಕಳವಳ.

ಮಗುವಿಗೆಂದು ತೋರಿಸಿದ್ದು ಬಟ್ಟೆಯಂತೆ ಮಡಚಬಹುದಾದ ಮೆತ್ತನೆಯ ಚೇಂಬರ್ ಆಗಿದ್ದರೆ ಇನ್ನೊಂದು ಲೆಕ್ಕ ತಿಳಿದಿರಲಿ. ಅವುಗಳಲ್ಲಿ ಒತ್ತಡ ಸಾಮಾನ್ಯವಾಗಿ 1.3 ಪಟ್ಟು ಮಾತ್ರ. ಅಷ್ಟು ಒತ್ತಡದಲ್ಲಿ ಗಾಳಿ ಉಸಿರಾಡುವುದು, ಹೊರಗೆ ಕುಳಿತು ಸುಮಾರು 27 ಶೇಕಡ ಆಮ್ಲಜನಕವನ್ನು ಮೂಗಿನ ನಳಿಕೆಯಲ್ಲಿ ಪಡೆಯುವುದಕ್ಕೆ ಸಮ. ಅದನ್ನು ಹೈಪರ್‌ಬಾರಿಕ್ ಆಕ್ಸಿಜನ್ ಚಿಕಿತ್ಸೆ ಎಂದು ಕರೆಯುವುದೇ ಸರಿಯಲ್ಲ. ವಯಸ್ಸು ಹಿಂದಕ್ಕೆ ತಿರುಗುತ್ತದೆ, ಕ್ಯಾನ್ಸರ್ ಗುಣವಾಗುತ್ತದೆ ಎಂಬ ಪ್ರಚಾರಕ್ಕೂ ಇದೇ ಉತ್ತರ. ಇಂತಹ ಅತಿಭರವಸೆ ಹೊಸದೂ ಅಲ್ಲ: 1928ರಲ್ಲಿ ಆರ್ವಿಲ್ ಕನ್ನಿಂಗ್‌ಹ್ಯಾಮ್ ಎಂಬ ವೈದ್ಯರು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 64 ಅಡಿ ವ್ಯಾಸದ ಉಕ್ಕಿನ ಗೋಳವನ್ನೇ ಕಟ್ಟಿ, ಒತ್ತಡದ ಗಾಳಿಯಿಂದ ಮಧುಮೇಹ, ಕ್ಯಾನ್ಸರ್ ಎಲ್ಲಕ್ಕೂ ಚಿಕಿತ್ಸೆ ಕೊಡಲು ಹೊರಟರು. ಅಮೆರಿಕದ ವೈದ್ಯಕೀಯ ಸಂಘ ಪುರಾವೆ ಕೇಳಿತು, ಅವರು ಕೊಡಲಿಲ್ಲ, ಕೊನೆಗೆ ಆ ಗೋಳ ಗುಜರಿಗೆ ಹೋಯಿತು.

ತಂದೆಯವರಿಗೆ ಚಿಕಿತ್ಸೆ ಆರಂಭಿಸುವುದೇ ಆದರೆ, ನಿಲ್ಲಿಸುವ ಮಾತನ್ನೂ ಮೊದಲ ದಿನವೇ ಆಡಿ. ಹುಣ್ಣಿನ ಉದ್ದ, ಅಗಲ, ಆಳವನ್ನು ಅಳೆದು, ಫೋಟೊ ತೆಗೆದು, ದಿನಾಂಕದೊಂದಿಗೆ ಬರೆದಿಡಲು ಹೇಳಿ; ವಾರಕ್ಕೊಮ್ಮೆ ಅದೇ ರೀತಿ ಅಳೆಯಲಿ. ಹದಿನೈದು ಇಪ್ಪತ್ತು ಸಿಟ್ಟಿಂಗುಗಳಾದಾಗ ಪಾದದ ಶಸ್ತ್ರಚಿಕಿತ್ಸಕರು ಆ ಅಳತೆಗಳನ್ನು ನೋಡಬೇಕು. ಹುಣ್ಣಿನ ತಳದಲ್ಲಿ ಕೆಂಪಾದ ಹೊಸ ಅಂಗಾಂಶ ತುಂಬುತ್ತಿದ್ದು, ಗಾತ್ರ ಕುಗ್ಗುತ್ತಿದ್ದರೆ 30ಕ್ಕೆ, ಅಗತ್ಯವಿದ್ದರೆ 40ಕ್ಕೆ ಮುಂದುವರಿಸಬಹುದು. ಬದಲಾವಣೆ ಇಲ್ಲದಿದ್ದರೆ ನಿಲ್ಲಿಸಿ, ರಕ್ತನಾಳವನ್ನೂ ಮೂಳೆಯ ಸೋಂಕನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು. ನಡುವೆ ಯಾವಾಗಲಾದರೂ ಜ್ವರ ಬಂದರೆ, ಪಾದದ ಕೆಂಪು ಮೇಲಕ್ಕೆ ಹರಡಿದರೆ, ಬೆರಳು ಕಪ್ಪಾದರೆ ಅಥವಾ ದುರ್ವಾಸನೆ ಹೆಚ್ಚಿದರೆ, ಮರುದಿನದ ಸಿಟ್ಟಿಂಗಿಗೆ ಕಾಯದೆ ಅಂದೇ ಶಸ್ತ್ರಚಿಕಿತ್ಸಕರ ಬಳಿ ಕರೆದೊಯ್ಯಿರಿ.